ಸಂಘದಾಗಿನ ಸದಸ್ಯ, ಓಣಿಯಾಗಿನ ಮತದಾರ: ಸೋತ ಮೇಲೆ ಎಡಪಕ್ಷದ ಕೆಲಸ

(ಹುಬ್ಬಳ್ಳಿಯಲ್ಲಿ ಕಾರ್ಮಿಕ ಮತ್ತು ರೈತ ಕಾರ್ಯಕರ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೇ,

ಮತ ಎಣಿಕೆ ಮುಗಿದ ಸಂಜೆ ನಮ್ಮ ಕಡೆಯ ಎಡಪಕ್ಷದ ಕಚೇರಿಗಳಲ್ಲಿ ಒಂದು ಮಾತು ಖಾಯಂ ಕೇಳಿಬರುತ್ತದೆ: "ರೊಕ್ಕದ ಮುಂದ ಏನ್ ನಡೀತೈತ್ರಿ, ಬಿಡ್ರಿ." ಮಾತು ಸುಳ್ಳಲ್ಲ. ಕೊನೆಯ ಎರಡು ರಾತ್ರಿ ಓಣಿಗಳಲ್ಲಿ ಏನು ಹಂಚಿಕೆಯಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ತೊಂದರೆ ಇರುವುದು ಆ ಕೊನೆಯ "ಬಿಡ್ರಿ"ಯಲ್ಲಿ. ಅದನ್ನು ಅಂದ ಮೇಲೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಬ್ಯಾನರು ಮಡಚಿ ಇಡುತ್ತಾರೆ, ಚಹಾ ಕುಡಿದು ಊರಿಗೆ ಹೋಗುತ್ತಾರೆ. ಹದಿನೈದು ದಿನಕ್ಕೆ ಜಿಲ್ಲಾಧಿಕಾರಿ ಕಚೇರಿ ಮುಂದೆ ಅಂಗನವಾಡಿ ನೌಕರರ ಧರಣಿ ಆಗುತ್ತದೆ, ಸಾವಿರ ಹೆಣ್ಣುಮಕ್ಕಳು ಕೆಂಪು ಬಾವುಟ ಹಿಡಿದು ಬಿಸಿಲಲ್ಲಿ ಕೂರುತ್ತಾರೆ. ಆ ಸಾವಿರ ಜನ ಮತಪೆಟ್ಟಿಗೆಯಲ್ಲಿ ಎಲ್ಲಿ ಹೋದರು ಎಂದು ಮಾತ್ರ ಯಾರೂ ಹುಡುಕುವುದಿಲ್ಲ. ಇವತ್ತು ಆ ಹುಡುಕಾಟವನ್ನೇ ಮಾಡೋಣ.

ದೇಶದ ಚಿತ್ರ ನಿಮಗೆ ಗೊತ್ತಿರುವುದೇ. 2004ರ ಲೋಕಸಭೆಯಲ್ಲಿ ಸಿಪಿಎಂ ಒಂದಕ್ಕೇ 43 ಸದಸ್ಯರಿದ್ದರು. 2024ರಲ್ಲಿ ಸಿಪಿಎಂಗೆ 4, ಸಿಪಿಐಗೆ 2, ಸಿಪಿಐ(ಎಂಎಲ್) ಲಿಬರೇಷನ್‌ಗೆ 2. ಪಶ್ಚಿಮ ಬಂಗಾಳದಲ್ಲಿ 1977ರಿಂದ 2011ರವರೆಗೆ 34 ವರ್ಷ ಆಳಿದ ಎಡರಂಗ 2021ರ ವಿಧಾನಸಭೆಯಲ್ಲಿ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. 2023ರ ಏಪ್ರಿಲ್‌ನಲ್ಲಿ ಸಿಪಿಐನ ರಾಷ್ಟ್ರೀಯ ಪಕ್ಷದ ಮಾನ್ಯತೆ ಹೋಯಿತು. ನಮ್ಮ ರಾಜ್ಯದಲ್ಲಿ ಬಾಗೇಪಲ್ಲಿಯಿಂದ ಜಿ.ವಿ. ಶ್ರೀರಾಮರೆಡ್ಡಿ 1994ರಲ್ಲಿ ಮತ್ತು 2004ರಲ್ಲಿ ಗೆದ್ದಿದ್ದರು. ಅದಾದ ಮೇಲಿನ ನಾಲ್ಕು ವಿಧಾನಸಭಾ ಚುನಾವಣೆಗಳಲ್ಲಿ ಯಾವ ಕಮ್ಯುನಿಸ್ಟ್ ಪಕ್ಷದ ಶಾಸಕನೂ ಆಯ್ಕೆಯಾಗಿಲ್ಲ.

ಸೋತ ಅಭ್ಯರ್ಥಿಗೆ ಕಾನೂನಿನ ಮೂರು ಗಡುವುಗಳಿವೆ. ದುಃಖದಲ್ಲಿ ಇವೇ ಮರೆತುಹೋಗುವುದು, ಆದ್ದರಿಂದ ಮೊದಲು ಇವನ್ನು ಮುಗಿಸಿಬಿಡುತ್ತೇನೆ. ಫಲಿತಾಂಶದ 7 ದಿನದೊಳಗೆ, ಎರಡನೆಯ ಅಥವಾ ಮೂರನೆಯ ಸ್ಥಾನದಲ್ಲಿರುವ ಅಭ್ಯರ್ಥಿ ಶೇ. 5ರಷ್ಟು ಮತಯಂತ್ರಗಳ ಪರಿಶೀಲನೆ ಕೇಳಬಹುದು, ಖರ್ಚು ಮೊದಲೇ ಕಟ್ಟಬೇಕು. ಇದು 2024ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಹಕ್ಕು. ಯಂತ್ರದ ಮೇಲೆ ಅನುಮಾನ ಇದ್ದರೆ ಏಳು ದಿನದೊಳಗೆ ಅರ್ಜಿ ಕೊಡಿ. ಅರ್ಜಿ ಕೊಡದೆ ಐದು ವರ್ಷ ಯಂತ್ರವನ್ನು ಬೈಯುತ್ತ ತಿರುಗಿದರೆ ನಮ್ಮ ಕಾರ್ಯಕರ್ತರೇ ಮತ ಹಾಕುವುದರಲ್ಲಿ ನಂಬಿಕೆ ಕಳೆದುಕೊಳ್ಳುತ್ತಾರೆ. ಚುನಾವಣಾ ತಕರಾರು ಅರ್ಜಿಗೆ ಹೈಕೋರ್ಟಿನಲ್ಲಿ 45 ದಿನ. ಈ ಎರಡರ ನಡುವೆ, 30 ದಿನದೊಳಗೆ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು.

ಹೆಚ್ಚು ಎಡವುವುದು ಈ ಖರ್ಚಿನ ಲೆಕ್ಕದಲ್ಲಿ. ಗೆದ್ದವರ ಹತ್ತಿರ ಲೆಕ್ಕಿಗರಿರುತ್ತಾರೆ. ನಮ್ಮಲ್ಲಿ ಚೀಟಿಗಳೆಲ್ಲ ಒಬ್ಬ ಕಾರ್ಯಕರ್ತನ ಚೀಲದಲ್ಲಿರುತ್ತವೆ, ಅವನು ಸುಸ್ತಾಗಿ ಊರಿಗೆ ಹೋಗಿರುತ್ತಾನೆ. ಆಯೋಗ ಕೊಡುವ ಪುಸ್ತಕದಲ್ಲಿ ಮೂರು ಭಾಗಗಳು: ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕು. ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಇಡೀ ಚುನಾವಣೆಯಲ್ಲಿ ಒಬ್ಬ ವ್ಯಕ್ತಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಡುವಂತಿಲ್ಲ. ಟಂಟಂ ಬಾಡಿಗೆ, ಧ್ವನಿವರ್ಧಕದ ಬಾಡಿಗೆ ಈ ಮಿತಿಯನ್ನು ಗೊತ್ತಾಗದಂತೆ ದಾಟುತ್ತವೆ. ವಿಧಾನಸಭೆಗೆ ಖರ್ಚಿನ ಮಿತಿ 40 ಲಕ್ಷ. ನಮ್ಮ ಅಭ್ಯರ್ಥಿ ಅದರ ಹತ್ತಿರಕ್ಕೂ ಹೋಗಿರುವುದಿಲ್ಲ, "ಹಿಂಗಾಗಿ ನಮಗ್ಯಾಕ ಲೆಕ್ಕ" ಅನ್ನುತ್ತಾರೆ. ಲೆಕ್ಕ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಕಡಿಮೆ ಖರ್ಚು ಮಾಡಿದ್ದೇವೆ ಎಂಬ ನಮ್ಮ ಹೆಮ್ಮೆಗೆ ಸಾಕ್ಷಿ ಬೇಕಲ್ಲ, ಅದೂ ಆ ಪುಸ್ತಕದಲ್ಲೇ ಇದೆ.

ಠೇವಣಿಯದು ಸರಳ ಲೆಕ್ಕ. ವಿಧಾನಸಭೆಗೆ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಹಣ ವಾಪಸ್. ಒಂದೂವರೆ ಲಕ್ಷ ಮತ ಬಿದ್ದ ಕ್ಷೇತ್ರದಲ್ಲಿ 25,000 ದಾಟಬೇಕು. ನೋಟಾ ಮತ ಇದರಲ್ಲಿ ಲೆಕ್ಕಕ್ಕಿಲ್ಲ. ಠೇವಣಿ ಹೋಯಿತೆಂದು ಪೇಪರಿನಲ್ಲಿ ಬಂದಾಗ ಆಗುವ ಅವಮಾನ ದೊಡ್ಡದು, ಒಪ್ಪುತ್ತೇನೆ. ಆದರೆ 2019ರಲ್ಲಿ ಬಂಗಾಳದಲ್ಲಿ ಎಡರಂಗದ ಅಭ್ಯರ್ಥಿಗಳ ಪೈಕಿ ಠೇವಣಿ ಉಳಿಸಿಕೊಂಡವರು ಒಬ್ಬರೇ, ಜಾದವಪುರದ ಬಿಕಾಶ್ ರಂಜನ್ ಭಟ್ಟಾಚಾರ್ಯ. ಅವಮಾನವನ್ನು ನಾವೊಬ್ಬರೇ ಹೊತ್ತಿಲ್ಲ.

ಇನ್ನು ನಿಜವಾದ ವಿಷಯಕ್ಕೆ ಬರೋಣ.

ಫಲಿತಾಂಶ ಬಂದ ಮೇಲೆ ನಮೂನೆ 20 ಎಂಬ ಪಟ್ಟಿ ತಯಾರಾಗುತ್ತದೆ. ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತ ಅದರಲ್ಲಿರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತದೆ. ಇದನ್ನು ತೆಗೆದು ಮುಂದಿಟ್ಟುಕೊಳ್ಳದೆ ಅವಲೋಕನ ಸಭೆ ಕರೆಯಲೇಬಾರದು. ಅದರ ಪಕ್ಕಕ್ಕೆ ಇನ್ನೆರಡು ಪಟ್ಟಿ ಬೇಕು. ಒಂದು, ಯಾವ ಮತಗಟ್ಟೆಯಲ್ಲಿ ನಮ್ಮ ಏಜೆಂಟರು ಬೆಳಗಿನಿಂದ ಕೊನೆತನಕ ಕೂತಿದ್ದರು ಎಂಬುದು. ಮತದಾನ ಮುಗಿದಾಗ ಏಜೆಂಟರಿಗೆ ಆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕವಾದ ನಮೂನೆ 17ಸಿಯ ಪ್ರತಿ ಕೊಡುತ್ತಾರೆ. ಆ ಪ್ರತಿ ನಿಮ್ಮ ಕೈಯಲ್ಲಿದ್ದರೆ ಏಜೆಂಟ್ ಕೂತಿದ್ದ, ಇಲ್ಲದಿದ್ದರೆ ಕೂತಿರಲಿಲ್ಲ. ಬಾಯಿಮಾತಿನ ವರದಿ ಒಪ್ಪಬೇಡಿ. ಒಂದು ಕ್ಷೇತ್ರದಲ್ಲಿ 250 ಮತಗಟ್ಟೆ ಇದ್ದರೆ 250 ಏಜೆಂಟರು, ಬದಲಿಗೆ ಕೂರಲು ಇನ್ನಷ್ಟು ಜನ ಬೇಕು. ನಮ್ಮ ಕೈಯಲ್ಲಿ 40 ಪ್ರತಿ ಇದ್ದರೆ ಉಳಿದ 210 ಕಡೆ ನಾವು ಚುನಾವಣೆಯನ್ನೇ ನಡೆಸಿಲ್ಲ ಎಂದು ಅರ್ಥ.

ಎರಡನೆಯದು, ಯಾವ ಮತಗಟ್ಟೆಯ ವ್ಯಾಪ್ತಿಯಲ್ಲಿ ನಮ್ಮ ಕಾರ್ಮಿಕ ಸಂಘದ ಸದಸ್ಯರ ಮನೆಗಳು ಎಷ್ಟಿವೆ ಎಂಬುದು. ಈ ಪಟ್ಟಿ ಬಹುತೇಕ ಯಾರ ಹತ್ತಿರವೂ ಇರುವುದಿಲ್ಲ. ಸದಸ್ಯತ್ವದ ರಸೀದಿಯಲ್ಲಿ ಹೆಸರು, ಕೆಲಸದ ಜಾಗ, ಕಟ್ಟಿದ ಹಣ ಇರುತ್ತದೆ, ಮನೆ ಎಲ್ಲಿ ಎಂದು ಇರುವುದಿಲ್ಲ. ನನ್ನ ಪ್ರಕಾರ ನಮ್ಮ ಸೋಲಿನ ಅರ್ಧ ಕಾರಣ ಆ ರಸೀದಿಯಲ್ಲಿ ಬಿಟ್ಟುಹೋದ ಆ ಒಂದು ಸಾಲು.

ಯಾಕೆ ಹಾಗೆ ಹೇಳುತ್ತೇನೆ? ರಾಣೆಬೆನ್ನೂರಿನಿಂದ ಮುಂದೆ ತುಂಗಭದ್ರೆ ದಾಟಿದರೆ ದಾವಣಗೆರೆ. ಅಲ್ಲಿ ಸಿಪಿಐನ ಪಂಪಾಪತಿ 1978, 1983, 1985ರಲ್ಲಿ ಸಾಲಾಗಿ ಮೂರು ಸಲ ಗೆದ್ದರು. ಅದು ಹತ್ತಿ ಗಿರಣಿಗಳ ಊರು. ಗಿರಣಿ ಕಾರ್ಮಿಕ ಗಿರಣಿಯ ಆಸುಪಾಸಿನ ಓಣಿಯಲ್ಲೇ ಇರುತ್ತಿದ್ದ. ಪಾಳಿಯಲ್ಲಿ ಪಕ್ಕದಲ್ಲಿ ನಿಂತವನೇ ನಲ್ಲಿಯ ಸರದಿಯಲ್ಲೂ ಪಕ್ಕದಲ್ಲಿ ನಿಲ್ಲುತ್ತಿದ್ದ, ಮತಗಟ್ಟೆಯ ಸರದಿಯಲ್ಲೂ ಅವನೇ. ಸಂಘಕ್ಕೆ ಒಂದು ಲೆಕ್ಕ, ಚುನಾವಣೆಗೆ ಇನ್ನೊಂದು ಲೆಕ್ಕ ಬೇಕಿರಲಿಲ್ಲ. ಹುಬ್ಬಳ್ಳಿಯ ಭಾರತ ಮಿಲ್ಲಿನ ಸುತ್ತ, ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನ ಸುತ್ತ ಬೆಳೆದ ವಸತಿಗಳೂ ಇದೇ ತರಹದವು. ಗಿರಣಿಗಳು ಮುಚ್ಚಿದಾಗ ಪಗಾರ ಹೋಯಿತು ಎಂದಷ್ಟೇ ನಾವು ಬರೆದುಕೊಂಡೆವು. ಕೆಲಸ, ಮನೆ, ಮತ ಮೂರೂ ಒಂದೇ ಕಡೆ ಇದ್ದ ಕಟ್ಟೂ ಅದರ ಜೊತೆಗೇ ಬಿಚ್ಚಿಹೋಯಿತು. ನಮ್ಮ ಚುನಾವಣಾ ಪದ್ಧತಿ ಮಾತ್ರ ಗಿರಣಿಯ ಕಾಲದ್ದೇ ಉಳಿಯಿತು.

ಈಗಿನ ಸಂಘಗಳು ಯಾರವು? ಅಂಗನವಾಡಿ, ಆಶಾ, ಬಿಸಿಯೂಟ, ಗ್ರಾಮ ಪಂಚಾಯತಿ ನೌಕರರು, ಕಟ್ಟಡ ಕಾರ್ಮಿಕರು, ಹಮಾಲರು. ಅಂಗನವಾಡಿ ಕೇಂದ್ರದಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಒಂದು ಮತಗಟ್ಟೆಯ ವ್ಯಾಪ್ತಿಗೆ ಇಬ್ಬರೋ ನಾಲ್ವರೋ. ಧಾರವಾಡ ಜಿಲ್ಲೆಗೆ ಏಳು ವಿಧಾನಸಭಾ ಕ್ಷೇತ್ರ. ಕ್ಷೇತ್ರಕ್ಕೆ 250 ಎಂದು ಹಿಡಿದರೂ 1,750 ಮತಗಟ್ಟೆಗಳಾದವು. ಧರಣಿಯಲ್ಲಿ ಕಂಡ ಆ ಸಾವಿರ ಜನರನ್ನು ಇದರ ಮೇಲೆ ಹರಡಿ ನೋಡಿ: ಮತಗಟ್ಟೆಗೆ ಒಬ್ಬರೂ ಬರುವುದಿಲ್ಲ. ಅವರು ಮೋಸ ಮಾಡಲಿಲ್ಲ, ಎಲ್ಲಿಯೂ ಓಡಿಹೋಗಲಿಲ್ಲ. ಒಂದೊಂದು ಊರಿನಲ್ಲಿ ಒಬ್ಬೊಬ್ಬರೇ ಇದ್ದಾರೆ. ಅನೇಕ ಕಡೆ ಅದೇ ಅಂಗನವಾಡಿ ಅಕ್ಕನಿಗೆ ಮತದಾರರ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸವೂ ಹಚ್ಚಿರುತ್ತಾರೆ. ಆಕೆ ನಮ್ಮ ಪರ ಮನೆಮನೆ ತಿರುಗುವಂತಿಲ್ಲ, ಏಜೆಂಟಾಗಿ ಕೂರುವಂತೆಯೂ ಇಲ್ಲ.

ಹಮಾಲರದು ಇನ್ನೊಂದು ರೀತಿ. ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವವನ ಮತ ಕುಂದಗೋಳ ತಾಲೂಕಿನ ಹಳ್ಳಿಯಲ್ಲೋ ನವಲಗುಂದದ ಹಳ್ಳಿಯಲ್ಲೋ ಇರಬಹುದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಂಗಾಮಿಗೆ ಬರುವವನದು ಹಾವೇರಿಯಲ್ಲೋ ಹಿರೇಕೆರೂರಲ್ಲೋ. ನಾವು ಸಂಘದ ಸಂಖ್ಯೆ ನೋಡಿ ಪೇಟೆ ಇರುವ ಕ್ಷೇತ್ರದಲ್ಲಿ ಅಭ್ಯರ್ಥಿ ಹಾಕುತ್ತೇವೆ. ಮತದಾನದ ದಿನ ಹಮಾಲರು ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ, ಅಲ್ಲಿ ನಮ್ಮ ಅಭ್ಯರ್ಥಿಯೇ ಇರುವುದಿಲ್ಲ.

ಇಷ್ಟರ ಮೇಲೆ ಉಳಿಯುವುದು ನಿಜವಾದ ನಷ್ಟ: ನಮ್ಮ ಸದಸ್ಯರ ಮನೆಗಳಿದ್ದೂ ಮತ ಬರದ ಮತಗಟ್ಟೆಗಳು. ಒಂದು ಕಡೆ 25 ಮನೆ, ಮನೆಗೆ ಮೂರು ಮತ ಎಂದರೆ 75. ನಮೂನೆ 20ರಲ್ಲಿ 11 ಎಂದಿದೆ. ಕೇಳಬೇಕಾದ ಪ್ರಶ್ನೆ ಆ ಮತಗಟ್ಟೆಯ ಉಳಿದ 900 ಜನರನ್ನು ಯಾರು ಕೊಂಡರು ಎಂಬುದಲ್ಲ. ನಮ್ಮವೇ ಆಗಬೇಕಿದ್ದ 64 ಯಾಕೆ ಬರಲಿಲ್ಲ ಎಂಬುದು. ಇದಕ್ಕೆ ಕಟ್ಟಡ ಕೆಲಸದ ಹೆಣ್ಣುಮಕ್ಕಳ ಬಾಯಲ್ಲಿ ಒಂದು ಉತ್ತರ ಸಿದ್ಧವಿರುತ್ತದೆ: "ಪಗಾರದ ಮಾತ ಬ್ಯಾರೆ ರೀ ಅಣ್ಣಾರ, ವೋಟಿನ ಮಾತ ಬ್ಯಾರೆ." ಈ ಮಾತಿಗೆ ಸಿಟ್ಟಾಗಬೇಡಿ. ಪಗಾರದ ಪ್ರಶ್ನೆಗೆ ಸಂಘಕ್ಕೆ ಬಂದವಳು ಉಳಿದ ಪ್ರಶ್ನೆಗಳಿಗೆ ಎಲ್ಲಿ ಹೋಗುತ್ತಾಳೆ ಎಂಬ ವಿವರ ಅದರಲ್ಲೇ ಅಡಗಿದೆ.

ಅದನ್ನು ತಿಳಿಯಲು ಮನೆಗೇ ಹೋಗಬೇಕು. ಫಲಿತಾಂಶದ ನಂತರ ಮೂರು ವಾರ ಬಿಟ್ಟು ಹೋಗಿ. ಅದಕ್ಕಿಂತ ಮೊದಲು ಹೋದರೆ ತಪ್ಪು ಹೊರಿಸಲು ಬಂದರು ಎಂದುಕೊಳ್ಳುತ್ತಾರೆ. ಪ್ರಚಾರದ ಉಸ್ತುವಾರಿ ಹೊತ್ತವರು ಹೋಗಬಾರದು. ಬೇರೆ ತಾಲೂಕಿನ ಇಬ್ಬರು ಹೋಗಲಿ, ಅವರಲ್ಲಿ ಒಬ್ಬಾಕೆ ಹೆಣ್ಣುಮಗಳಿರಲಿ. ಯಾರಿಗೆ ಮತ ಹಾಕಿದಿರಿ ಎಂದು ಕೇಳಲೇಬೇಡಿ. ಗುಪ್ತ ಮತದಾನ ಆಕೆಯ ಹಕ್ಕು, ಕೇಳಿದ ಕೂಡಲೇ ಬಾಯಿ ಮುಚ್ಚುತ್ತದೆ ಅಥವಾ "ನಿಮಗ ಹಾಕೇನ್ರಿ" ಎಂಬ ಸಮಾಧಾನದ ಉತ್ತರ ಬರುತ್ತದೆ. ಬೇರೆ ಕೇಳಿ: ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಯಾರು ಓಡಾಡಿದರು? ಕಳೆದ ಸಲ ಕಿಮ್ಸ್ ಆಸ್ಪತ್ರೆಗೆ ಯಾರು ಕರೆದೊಯ್ದರು? ವಾರದ ಕಂತು ಕಟ್ಟಲಾಗದಾಗ ಯಾರ ಮನೆಗೆ ಹೋದಿರಿ? ಜಾತ್ರೆಯ ಪಟ್ಟಿ ಎತ್ತುವವರು ಯಾರು? ಈ ನಾಲ್ಕು ಉತ್ತರಗಳಲ್ಲಿ ಒಬ್ಬನೇ ವ್ಯಕ್ತಿಯ ಹೆಸರು ಮತ್ತೆ ಮತ್ತೆ ಬಂದರೆ ಆ ಮತಗಟ್ಟೆಯನ್ನು ಗೆದ್ದದ್ದು ಅವನೇ. ರೊಕ್ಕ ಹಂಚಿದ್ದರೂ ಅವನ ಕೈಯಿಂದಲೇ ಹಂಚಿಸಿರುತ್ತಾರೆ, ಅವನನ್ನು ಓಣಿ ನಂಬುತ್ತದೆ ಎಂಬ ಕಾರಣಕ್ಕೆ.

ವಾರದ ಕಂತಿನ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೈಕ್ರೋ ಫೈನಾನ್ಸ್ ಕಂಪನಿಗಳ ವಸೂಲಿ ಕಾಟ ಎಷ್ಟು ಮಿತಿಮೀರಿತೆಂದರೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸಾಲ ತೀರಿಸಲಾಗದೆ ಮನೆ ಬಿಟ್ಟುಹೋದವರಲ್ಲಿ ಕೂಲಿಯ ಕುಟುಂಬಗಳೇ ಹೆಚ್ಚು. ಗೌರವಧನ ಎಷ್ಟು ಏರಬೇಕು ಎಂದು ಸಂಘದ ಬೇಡಿಕೆ ಪಟ್ಟಿಯಲ್ಲಿ ಬರೆದಿತ್ತು, ಅದೇ ಸದಸ್ಯೆಯ ಮನೆಬಾಗಿಲಿಗೆ ವಸೂಲಿಯವನು ಬಂದು ಕೂತಾಗ ಏನು ಮಾಡಬೇಕೆಂದು ಬರೆದಿರಲಿಲ್ಲ. ಬರೆಯಬೇಕಿತ್ತು.

ಹೋರಾಟದ ನೆನಪು ತಾನಾಗಿ ಮತವಾಗುವುದಿಲ್ಲ ಎಂಬುದಕ್ಕೆ ನಮ್ಮ ನೆಲದಲ್ಲೇ ದೊಡ್ಡ ಉದಾಹರಣೆ ಇದೆ. 1980ರ ಜುಲೈ 21, ನರಗುಂದ ಮತ್ತು ನವಲಗುಂದ. ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರು ಸರಿಯಾಗಿ ಬರುವ ಮೊದಲೇ ಹೇರಿದ ಅಭಿವೃದ್ಧಿ ಕರದ ವಿರುದ್ಧ ಎದ್ದರು, ಪೊಲೀಸರ ಗುಂಡಿಗೆ ರೈತರ ಪ್ರಾಣ ಹೋಯಿತು. ಆ ಕಾವಿನಲ್ಲಿ ರಾಜ್ಯ ರೈತ ಸಂಘ ಹುಟ್ಟಿತು. ನರಗುಂದದಿಂದ ಬೆಂಗಳೂರಿಗೆ ಹೊರಟ ರೈತ ಜಾಥಾದಲ್ಲಿ ಎಡಪಕ್ಷಗಳೂ ಹೆಜ್ಜೆ ಹಾಕಿದವು. 1983ರಲ್ಲಿ ಕಾಂಗ್ರೆಸ್ ಮೊದಲ ಸಲ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡಾಗ ಆ ಸಿಟ್ಟಿನ ಫಲ ಹೋದದ್ದು ಜನತಾ ಪಕ್ಷಕ್ಕೆ. ಪ್ರತಿ ಜುಲೈ 21ಕ್ಕೆ ವೀರಗಲ್ಲಿನ ಮುಂದೆ ಎಲ್ಲ ಪಕ್ಷದವರೂ ಬಂದು ಹಾರ ಹಾಕುತ್ತಾರೆ. ಹಾವೇರಿಯಲ್ಲಿ 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು. ಅದರ ನೆನಪೂ ಹೀಗೆಯೇ ಎಲ್ಲರದ್ದಾಗಿ ಉಳಿದಿದೆ. ಚಳವಳಿ ಇಳಿದ ಮೇಲೆ ಆ ಹಳ್ಳಿಗಳಲ್ಲಿ ಯಾರ ಶಾಖೆ ತಿಂಗಳಿಗೊಮ್ಮೆ ಕೂಡಿತು ಎಂಬುದರ ಮೇಲೆ ಮುಂದಿನ ಮತ ನಿಂತಿತು.

ಸೋತ ಮೇಲೆ ಕಾರ್ಯಕರ್ತರಿಗೆ ಏನಾಗುತ್ತದೆ ಎಂಬುದನ್ನೂ ಹೇಳಲೇಬೇಕು. ತ್ರಿಪುರಾದಲ್ಲಿ 2018ರ ಮಾರ್ಚ್ 3ರಂದು ಫಲಿತಾಂಶ ಬಂತು, ಎಡರಂಗದ 25 ವರ್ಷದ ಆಡಳಿತ ಹೋಯಿತು. ಎರಡೇ ದಿನಕ್ಕೆ ಬೆಲೋನಿಯಾದಲ್ಲಿ ಲೆನಿನ್ ಪ್ರತಿಮೆಯನ್ನು ಬುಲ್ಡೋಜರ್ ಹಚ್ಚಿ ಕೆಡವಿದರು, ಪಕ್ಷದ ಕಚೇರಿಗಳ ಮೇಲೆ ದಾಳಿಗಳಾದವು. ಆಗ ಸಿಪಿಎಂಗೆ ಶೇ. 42ರಷ್ಟು ಮತ ಬಂದಿತ್ತು. ಬಂಗಾಳದಲ್ಲಿ ಇದು ಇನ್ನೂ ಆಳಕ್ಕೆ ಹೋಯಿತು. ಹಳ್ಳಿಯ ಬೆಂಬಲಿಗನಿಗೆ ಹೊಡೆತ ಬಿದ್ದಾಗ ಜೊತೆಗೆ ನಿಲ್ಲಲು ಪಕ್ಷಕ್ಕೆ ಶಕ್ತಿ ಉಳಿದಿರಲಿಲ್ಲ. ರಕ್ಷಣೆ ಬೇಕಾದವನು ಇನ್ನೊಂದು ನೆರಳು ಹುಡುಕಿದ. ಅಲ್ಲಿ ಲೋಕಸಭಾ ಚುನಾವಣೆಯಲ್ಲಿ ಸಿಪಿಎಂನ ಮತದ ಪಾಲು 2014ರಲ್ಲಿ ಸುಮಾರು ಶೇ. 23 ಇದ್ದದ್ದು 2019ಕ್ಕೆ ಶೇ. 6ರ ಆಸುಪಾಸಿಗೆ ಇಳಿದದ್ದಕ್ಕೆ ಇದೂ ಒಂದು ಕಾರಣ. ಬಿಜೆಪಿಯ ಸಿದ್ಧಾಂತ ಒಪ್ಪದೆಯೂ ಅದರ ಕಡೆ ಹೋದವರು ಅವರಲ್ಲಿ ಬಹಳ ಜನ ಇದ್ದರು.

ನಮ್ಮ ಭಾಗದಲ್ಲಿ ಅಂಥ ಹೊಡೆದಾಟ ಇಲ್ಲ, ಆದರೆ ಸಣ್ಣ ರೂಪದಲ್ಲಿ ಅದೇ ನಡೆಯುತ್ತದೆ. ಏಜೆಂಟಾಗಿ ಕೂತ ಹುಡುಗನಿಗೆ ಗುತ್ತಿಗೆದಾರ ಮರುವಾರ ಕೆಲಸ ಕೊಡುವುದಿಲ್ಲ. ಮನೆ ಮಂಜೂರಾತಿ ಪಟ್ಟಿಯಿಂದ ಒಬ್ಬಳ ಹೆಸರು ಕೆಳಗೆ ಸರಿಯುತ್ತದೆ. ಫಲಿತಾಂಶದ ಮೊದಲ ಹತ್ತು ದಿನ ಪಕ್ಷದ ಹಿರಿಯರು ಇರಬೇಕಾದ ಜಾಗ ಇವರ ಮನೆಗಳು. ಪಂಚಾಯತಿಗೆ ಜೊತೆಗೆ ಹೋಗಬೇಕು, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು, ಕೆಲಸ ಹೋದವನಿಗೆ ಬೇರೆ ಕಡೆ ಕೆಲಸ ನೋಡಿಕೊಡಬೇಕು.

ಸಾಲದ ವಿಷಯವೂ ಇಲ್ಲಿಯೇ ಬರುತ್ತದೆ. ಪ್ರೆಸ್ಸಿನವರಿಗೆ ಕರಪತ್ರದ ಬಾಕಿ, ಪೆಂಡಾಲಿನ ಬಾಕಿ, ಕಾರ್ಯಕರ್ತರು ಉಂಡ ಖಾನಾವಳಿಯ ಬಾಕಿ. ಮೊದಲು ಖಾನಾವಳಿಯ ಅವ್ವನ ಬಾಕಿ ತೀರಿಸಿ. ಆಕೆಯ ಬಂಡವಾಳ ದಿನದ ಸಂತೆಯದು, ಅದು ನಿಂತರೆ ಒಲೆ ನಿಲ್ಲುತ್ತದೆ. ಉಳಿದ ಬಾಕಿಯ ಪಟ್ಟಿ ಮಾಡಿ ಪ್ರತಿ ಶಾಖೆಯ ಮುಂದಿಡಿ, ಖರ್ಚಿನ ಲೆಕ್ಕದಲ್ಲೂ ಬಾಕಿ ಎಂದೇ ತೋರಿಸಿ. ಒಬ್ಬ ಅಭ್ಯರ್ಥಿಯ ತಲೆಗೆ ಸಾಲ ಕಟ್ಟಿದರೆ ಮುಂದಿನ ಸಲ ಬಡವರು ಯಾರೂ ನಿಲ್ಲುವುದಿಲ್ಲ. ಚುನಾವಣಾ ಬಾಂಡ್ ಬೇಡ ಎಂದು ಸುಪ್ರೀಂ ಕೋರ್ಟಿಗೆ ಹೋಗಿ 2024ರ ಫೆಬ್ರುವರಿ 15ರಂದು ಅದನ್ನು ರದ್ದು ಮಾಡಿಸಿದವರಲ್ಲಿ ಸಿಪಿಎಂ ಕೂಡ ಒಂದು. ಆ ನಿಲುವಿನ ಬೆಲೆ ತೆರುವುದು ತನ್ನ ಆದಾಯದ ಒಂದು ಪಾಲನ್ನು ತಿಂಗಳ ಲೆವಿಯಾಗಿ ಕೊಡುವ ಸದಸ್ಯ ಮತ್ತು ಅಲ್ಪ ಭತ್ಯೆಯಲ್ಲಿ ಬದುಕುವ ಪೂರ್ಣಾವಧಿ ಕಾರ್ಯಕರ್ತ. ಸೋತ ವರ್ಷ ಭತ್ಯೆ ನಿಲ್ಲಿಸಿದರೆ ಅವರು ಎಲ್ಐಸಿ ಏಜೆಂಟರಾಗುತ್ತಾರೆ, ಮತ್ತೆ ಬರುವುದಿಲ್ಲ.

ಅವಲೋಕನ ಸಭೆಗಳು ಹಾಳಾಗುವುದು ಒಂದೇ ರೀತಿಯಲ್ಲಿ. ಮೊದಲ ಒಂದು ಗಂಟೆ ಅಂತಾರಾಷ್ಟ್ರೀಯ ಪರಿಸ್ಥಿತಿ, ಆಮೇಲೆ ರಾಷ್ಟ್ರೀಯ, ಆಮೇಲೆ ರಾಜ್ಯ. ಊಟದ ಹೊತ್ತಿಗೆ ನಮ್ಮ ಕ್ಷೇತ್ರ ಬರುತ್ತದೆ, ಅಷ್ಟರಲ್ಲಿ ದೂರದ ಹಳ್ಳಿಯವರು ಬಸ್ಸಿನ ಚಿಂತೆಯಲ್ಲಿರುತ್ತಾರೆ. ತಿರುಗಿಸಿ ಮಾಡಿ. ಮೊದಲು ಶಾಖೆಯವರು, ತಮ್ಮ ತಮ್ಮ ಮತಗಟ್ಟೆಯ ಅಂಕಿ ಓದಿ, ಹತ್ತು ಹತ್ತು ನಿಮಿಷ ಮಾತಾಡಲಿ. ಪ್ರಚಾರ ನಡೆಸಿದ ಕಾರ್ಯದರ್ಶಿಯೇ ಸೋಲಿನ ವರದಿ ಬರೆಯುವುದು ಬೇಡ, ತಾನೇ ಬರೆದ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿದಂತಾಗುತ್ತದೆ. 2015ರ ಡಿಸೆಂಬರಿನಲ್ಲಿ ಕೋಲ್ಕತ್ತಾದಲ್ಲಿ ಸಿಪಿಎಂ ಸಂಘಟನೆಗೆಂದೇ ಪ್ಲೀನಂ ಎಂಬ ವಿಶೇಷ ಅಧಿವೇಶನ ನಡೆಸಿತು, ಜನರೊಂದಿಗೆ ಬೆರೆಯುವ ಮಾರ್ಗ ಎಂದು ನಿರ್ಣಯ ಮಾಡಿತು. ನಿರ್ಣಯ ಸರಿಯಾದದ್ದೇ. ಅದು ಶಾಖೆಗೆ ಇಳಿಯಬೇಕಾದರೆ ಸಭೆಯಲ್ಲಿ ಶಾಖೆಗೆ ಮೊದಲು ಮಾತು ಸಿಗಬೇಕು.

ಮೈತ್ರಿಯ ಬಗ್ಗೆ ಎರಡೇ ಮಾತು. 2016ರಲ್ಲಿ ಬಂಗಾಳದಲ್ಲಿ ಕಾಂಗ್ರೆಸ್ ಜೊತೆ ಹೊಂದಾಣಿಕೆ ಆಯಿತು, ಕಾಂಗ್ರೆಸ್‌ಗೆ 44, ಸಿಪಿಎಂಗೆ 26 ಸ್ಥಾನ ಬಂತು. ಬಿಹಾರದಲ್ಲಿ 2020ರಲ್ಲಿ ಮೈತ್ರಿಯೊಳಗೆ 12 ಗೆದ್ದ ಲಿಬರೇಷನ್ 2025ರಲ್ಲಿ 2ಕ್ಕೆ ಇಳಿಯಿತು. ಮೈತ್ರಿ ಎತ್ತುತ್ತದೆ, ಇಳಿಸುತ್ತದೆ. ಸ್ವಂತ ಮತಗಟ್ಟೆ ಇಲ್ಲದ ಪಕ್ಷಕ್ಕೆ ಹೊಂದಾಣಿಕೆಯ ಮೇಜಿನಲ್ಲಿ ಕುರ್ಚಿಯೂ ಸಿಗುವುದಿಲ್ಲ. 2023ರ ಗ್ಯಾರಂಟಿಗಳದೂ ಇದೇ ಕಥೆ. ಎಲ್ಲರಿಗೂ ರೇಷನ್, ಹೆಣ್ಣುಮಕ್ಕಳ ಕೈಗೆ ಹಣ ಎಂದು ವರ್ಷಗಟ್ಟಲೆ ಕೇಳಿದವರು ನಾವು. ಕೊಟ್ಟವರು ಬೇರೆಯವರು. "ಅದು ನಮ್ಮ ಬೇಡಿಕೆ" ಎಂದು ಓಣಿಯಲ್ಲಿ ಹೇಳಿಕೊಳ್ಳುವುದರಿಂದ ಏನೂ ಬರುವುದಿಲ್ಲ. 2,000 ರೂಪಾಯಿ ಎರಡು ತಿಂಗಳು ಬರದಿದ್ದಾಗ ಬ್ಯಾಂಕಿಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೂ ಜೊತೆಗೆ ನಡೆದವರನ್ನು ಆಕೆ ನೆನಪಿಡುತ್ತಾಳೆ.

ಮುಂದಿನ ಕೆಲಸ ಸಣ್ಣದರಿಂದ ಶುರುವಾಗಲಿ. ಗ್ರಾಮ ಪಂಚಾಯತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ನೂರೈವತ್ತು ಮತಕ್ಕೆ ಗೆಲುವು ನಿಲ್ಲುವ ಜಾಗ ಅದು, ಅಲ್ಲಿ ಹಣಕ್ಕಿಂತ ಮುಖಪರಿಚಯ ದೊಡ್ಡದು. ಹುಬ್ಬಳ್ಳಿ, ಧಾರವಾಡದ ಪಾಲಿಕೆ ವಾರ್ಡುಗಳಲ್ಲಿ ಎಲ್ಲ ಕಡೆ ನಿಲ್ಲುವ ಆಸೆ ಬಿಟ್ಟು, ನಮ್ಮ ಸದಸ್ಯರ ಮನೆಗಳು ದಟ್ಟವಾಗಿರುವ ಎರಡೋ ಮೂರೋ ವಾರ್ಡು ಆರಿಸಿಕೊಳ್ಳಿ.

ಅದಕ್ಕೂ ಮೊದಲು ಪಟ್ಟಿ ಬೇಕು. ಮುಂದಿನ ಸದಸ್ಯತ್ವ ನವೀಕರಣಕ್ಕೆ ರಸೀದಿ ಪುಸ್ತಕ ಅಚ್ಚಿಗೆ ಕೊಡುವಾಗ ಮೂರು ಕಾಲಂ ಸೇರಿಸಿ: ಮನೆ ಇರುವ ಓಣಿ ಅಥವಾ ಹಳ್ಳಿ, ಮತ ಇರುವ ಕ್ಷೇತ್ರ, ಮತಗಟ್ಟೆಯ ಭಾಗ ಸಂಖ್ಯೆ. ಹೆಂಡಿರು ಮಕ್ಕಳ ಸಮೇತ ಹುಬ್ಬಳ್ಳಿಯಲ್ಲೇ ನೆಲೆಸಿದವರ ಮತ ಇನ್ನೂ ಊರಲ್ಲಿದ್ದರೆ ನಮೂನೆ 8 ತುಂಬಿಸಿ ಇಲ್ಲಿಗೆ ವರ್ಗಾಯಿಸಿ. ಹದಿನೆಂಟು ತುಂಬಿದ ಮಕ್ಕಳಿಗೆ ನಮೂನೆ 6. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳು ನಾಲ್ಕೂ ಅರ್ಹತಾ ದಿನಾಂಕಗಳು. ಸಂಸಾರ ಹಳ್ಳಿಯಲ್ಲೇ ಇದ್ದು ತಾನೊಬ್ಬನೇ ಪೇಟೆಯಲ್ಲಿ ದುಡಿಯುವವನ ಮತ ಅಲ್ಲೇ ಇರಲಿ, ಎರಡು ಕಡೆ ಹೆಸರು ಇಡುವುದು ಅಪರಾಧ. ಅಂಥವನ ಹೆಸರನ್ನು ಕುಂದಗೋಳದ್ದಾದರೆ ಕುಂದಗೋಳದ ಶಾಖೆಗೆ, ಸವಣೂರಿನದಾದರೆ ಸವಣೂರಿನ ಶಾಖೆಗೆ ಬರೆದು ಕಳಿಸಿ. ಅಲ್ಲಿ ಶಾಖೆ ಇಲ್ಲದಿದ್ದರೆ, ಅಮಾಸಿ ರಜೆಗೆ ಅವನು ಊರಿಗೆ ಹೋಗುವಾಗ ಇಲ್ಲಿಂದ ಒಬ್ಬರು ಅವನ ಜೊತೆಗೆ ಬಸ್ಸು ಹತ್ತಿ.